ದಿನಚರಿ ಬರೆಯೋಕೆ ಬಂದ ಬ್ಲಾಗು ಅಂಗಡಿಯ ವಿಳಾಸವಾಗಿದ್ದು ಹೇಗೆ?

ನಮ್ಮ ಚಿಕ್ಕಮ್ಮ ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಹಪ್ಪಳ, ಸಂಡಿಗೆ, ಚಟ್ನಿಪುಡಿ ಮಾಡಿ ಮಾರುತ್ತಾರೆ. 2020ರ ಲಾಕ್‌ಡೌನ್‌ನಲ್ಲಿ ಸಂತೆ ನಿಂತುಹೋಯಿತು. ಬಿಸಿಲಲ್ಲಿ ಒಣಗಿಸಿ ಡಬ್ಬ ತುಂಬಿಟ್ಟಿದ್ದ ಹಪ್ಪಳಕ್ಕೆ ಗಿರಾಕಿ ಇಲ್ಲ. ಪತ್ರಿಕೋದ್ಯಮ ಡಿಪ್ಲೊಮಾ ಮಾಡಿಕೊಂಡು ಪೇಪರಿಗೆ ಸುದ್ದಿ ಕಳಿಸುವ ನಾನು, ನಮ್ಮ ಮನೆಯವರ ಲೆಕ್ಕದಲ್ಲಿ 'ಕಂಪ್ಯೂಟರ್ ಗೊತ್ತಿರೋನು'. ಒಂದು ಸಾಮಾಜಿಕ ಜಾಲತಾಣದಲ್ಲಿ ಚಿಕ್ಕಮ್ಮನ ಹಪ್ಪಳಕ್ಕೊಂದು ಪುಟ ತೆರೆದುಕೊಟ್ಟೆ. ಫೋಟೊ ಹಾಕಿದೆವು. ಬೆಂಗಳೂರಲ್ಲಿದ್ದ ನಮ್ಮೂರ ಹುಡುಗರು ಅದನ್ನು ಹಂಚಿಕೊಂಡರು. ಮೆಸೇಜ್ ಮೇಲೆ ಮೆಸೇಜ್ ಬಂತು.

"ಗಿರಾಕಿಗಳ ವಿಳಾಸ ಎಲ್ಲಾ ಒಂದು ನೋಟ್‌ಬುಕ್ಕಲ್ಲಿ ಬರ್ಕೊಳ್ಳೋಣ್ವೇನಪ್ಪ?" ಅಂತ ಚಿಕ್ಕಮ್ಮ ಆಗಲೇ ಕೇಳಿದ್ದರು.

"ಎಲ್ಲಾ ಫೋನಲ್ಲೇ ಇರುತ್ತಲ್ಲ ಚಿಕ್ಕಮ್ಮ, ಮತ್ತೆ ಬರೆಯೋದ್ಯಾಕೆ?" ಅಂದವನು ನಾನೇ.

ಮೂರು ವರ್ಷ ಚೆನ್ನಾಗಿ ನಡೆಯಿತು. ಆಮೇಲೊಂದು ಮಧ್ಯಾಹ್ನ ಯಾರೋ ಫೋನ್ ಮಾಡಿ, ಕೊರಿಯರ್ ಕಡೆಯವರು ಅಂತ ಹೇಳಿ, ಫೋನಿಗೆ ಬಂದ ಆರು ಅಂಕಿ ಕೇಳಿದ್ದಾರೆ. ಚಿಕ್ಕಮ್ಮ ಹೇಳಿಬಿಟ್ಟಿದ್ದಾರೆ. ಸಂಜೆ ಹೊತ್ತಿಗೆ ಪುಟ ಬೇರೆ ಯಾರದೋ ಕೈಯಲ್ಲಿತ್ತು. ಆ ಜಾಲತಾಣಕ್ಕೆ ಎಷ್ಟು ಸಲ ಫಾರಂ ತುಂಬಿ ಕಳಿಸಿದರೂ ಮನುಷ್ಯರ ಉತ್ತರ ಬರಲಿಲ್ಲ. ಹೋಗಿದ್ದು ಬರೀ ಪುಟ ಅಲ್ಲ. ಯಾರಿಗೆ ಎಷ್ಟು ಖಾರ ಬೇಕು, ಯಾರ ಮನೆ ಮದುವೆಗೆ ಎಷ್ಟು ಹಪ್ಪಳ ಹೋಗಬೇಕು, ಯಾರು ದುಡ್ಡು ಬಾಕಿ ಕೊಡಬೇಕು, ಎಲ್ಲಾ ಆ ಮೆಸೇಜುಗಳಲ್ಲೇ ಇತ್ತು.

"ಅಂಗಡಿ ಸುಟ್ಟುಹೋದ್ರೆ ಬೂದಿನಾದ್ರೂ ಇರುತ್ತೆ ಕಣಪ್ಪ, ಇದರಲ್ಲಿ ಅದೂ ಇಲ್ವಲ್ಲ" ಅಂದರು ಚಿಕ್ಕಮ್ಮ.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಹಂಗಾದರೆ ಇಂಟರ್ನೆಟ್ಟಲ್ಲಿ ವ್ಯಾಪಾರ ಮಾಡಿ ಉಳಿದುಕೊಂಡವರು ಏನು ಮಾಡಿದರು ಅಂತ ಹಿಂದಿನದನ್ನೆಲ್ಲ ಓದುತ್ತಾ ಹೋದೆ. ಆ ಇತಿಹಾಸವನ್ನೇ ಇಲ್ಲಿ ಬರೆದಿದ್ದೇನೆ. ನಿಮ್ಮ ಮನೆಯಲ್ಲೂ ಫೋನಿನಲ್ಲಿ ಏನಾದರೂ ಮಾರುವವರಿದ್ದರೆ ಅವರಿಗೆ ಓದಿ ಹೇಳಿ.

ನೇಗಿಲು ಮಾರುವವರ ಪತ್ರಿಕೆ

ವ್ಯಾಪಾರಿ ತನ್ನ ಸರಕಿನ ಬಗ್ಗೆ ಕೂಗುವುದು ಹಳೇ ಪದ್ಧತಿ. ಸರಕು ಕೊಳ್ಳುವವನಿಗೆ ಉಪಯೋಗವಾಗುವಂಥದ್ದನ್ನು ಬರೆದು ಕೊಡುವುದು ಇನ್ನೊಂದು ಪದ್ಧತಿ. ಇದೂ ಹೊಸದಲ್ಲ. ಅಮೆರಿಕದಲ್ಲಿ ನೇಗಿಲು ಮಾಡಿ ಮಾರುತ್ತಿದ್ದ ಜಾನ್ ಡೀರ್ ಕಂಪನಿ (ನಮ್ಮ ಹೊಲಗಳಲ್ಲಿ ಓಡಾಡುವ ಹಸಿರು ಟ್ರ್ಯಾಕ್ಟರಿನವರೇ) 1895ರಲ್ಲಿ 'ದಿ ಫರೋ' ಅಂತ ಒಂದು ಪತ್ರಿಕೆ ಶುರು ಮಾಡಿತು. ಫರೋ ಅಂದರೆ ನೇಗಿಲ ಸಾಲು. ರೈತನಿಗೆ ಬೇಸಾಯದ ಮಾತು ಹೇಳಿದರೆ, ನೇಗಿಲು ಬೇಕಾದಾಗ ಅವನು ನಮ್ಮನ್ನೇ ನೆನೆಸಿಕೊಳ್ಳುತ್ತಾನೆ ಅನ್ನುವುದು ಅವರ ಲೆಕ್ಕಾಚಾರ. ಆ ಪತ್ರಿಕೆ ಇವತ್ತಿಗೂ ಬರುತ್ತಿದೆ.

ಆದರೆ ಪತ್ರಿಕೆ ಅಂದರೆ ಅಚ್ಚು, ಕಾಗದ, ಅಂಚೆ. ದೊಡ್ಡ ಕಂಪನಿಗೆ ಸರಿ, ದರ್ಜಿಗೆ, ಹಪ್ಪಳದವರಿಗೆ ಅದು ಆಗುವ ಮಾತಲ್ಲ.

1991ರಲ್ಲಿ ಟಿಮ್ ಬರ್ನರ್ಸ್ ಲೀ ಮೊದಲ ವೆಬ್‌ಸೈಟನ್ನು ಜಗತ್ತಿಗೆ ತೆರೆದರು. ಅವರು ಕೆಲಸ ಮಾಡುತ್ತಿದ್ದ ಸ್ವಿಟ್ಜರ್ಲೆಂಡಿನ ಸರ್ನ್ ಸಂಶೋಧನಾ ಕೇಂದ್ರ 1993ರ ಏಪ್ರಿಲ್ 30ರಂದು, ಈ ತಂತ್ರಜ್ಞಾನವನ್ನು ಯಾರು ಬೇಕಾದರೂ ದುಡ್ಡು ಕೊಡದೆ ಬಳಸಬಹುದು ಅಂತ ಬಿಟ್ಟುಕೊಟ್ಟಿತು. ದಾರಿಯೇನೋ ಬಿಟ್ಟಿ ಸಿಕ್ಕಿತು, ನಡೆಯೋದು ಮಾತ್ರ ಕಷ್ಟವಿತ್ತು. ಒಂದು ಪುಟ ಮಾಡಬೇಕಾದರೆ ಎಚ್‌ಟಿಎಂಎಲ್ ಅನ್ನೋ ಸಂಕೇತಗಳಲ್ಲಿ ಬರೆಯಬೇಕು. ಆಮೇಲೆ ಆ ಕಡತವನ್ನು ದೂರದ ಕಂಪ್ಯೂಟರಿಗೆ ಏರಿಸಬೇಕು. ಒಂದು ಸಾಮಾನಿನ ಬೆಲೆ ಬದಲಾದರೂ ಮತ್ತೆ ಅಷ್ಟೇ ಕೆಲಸ. ಅದಕ್ಕೇ ಆಗಿನ ಸಣ್ಣ ವ್ಯಾಪಾರಿಗಳ ವೆಬ್‌ಸೈಟು ಗೋಡೆಗೆ ಬಳಿದ ಜಾಹೀರಾತಿನ ಹಾಗಿರುತ್ತಿತ್ತು. ಒಂದು ಸಲ ಬಳಿಸಿದರೆ ಬಣ್ಣ ಮಾಸುವವರೆಗೂ ಅದೇ.

ಬ್ಲಾಗರ್, ವರ್ಡ್‌ಪ್ರೆಸ್

ಇದನ್ನು ಬದಲಾಯಿಸಿದ ಸಾಧನ ವ್ಯಾಪಾರಕ್ಕೆಂದು ಹುಟ್ಟಿದ್ದೇ ಅಲ್ಲ. ದಿನಚರಿ ಬರೆಯುವವರಿಗಾಗಿ ಬಂದದ್ದು.

1990ರ ದಶಕದ ಕೊನೆಯಲ್ಲಿ ಕೆಲವರು ತಾವು ಓದಿದ್ದು ಕಂಡಿದ್ದನ್ನು ದಿನಾ ತಮ್ಮ ವೆಬ್‌ಪುಟದಲ್ಲಿ ಬರೆಯತೊಡಗಿದರು. 1997ರಲ್ಲಿ ಇದಕ್ಕೆ 'ವೆಬ್‌ಲಾಗ್' ಅನ್ನುವ ಹೆಸರು ಬಂತು. ಆಮೇಲೆ ಅದೇ ಸವೆದು 'ಬ್ಲಾಗ್' ಆಯಿತು. 1999ರ ಆಗಸ್ಟಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಪೈರಾ ಲ್ಯಾಬ್ಸ್ ಎಂಬ ಪುಟ್ಟ ಕಂಪನಿ 'ಬ್ಲಾಗರ್' ಹೊರತಂದಿತು. ಅದರಲ್ಲಿ ಸಂಕೇತ ಗೊತ್ತಿರಬೇಕಿಲ್ಲ. ಒಂದು ಖಾಲಿ ಚೌಕ, ಅದರಲ್ಲಿ ಬರೆಯಿರಿ, ಗುಂಡಿ ಒತ್ತಿ, ಮುಗಿಯಿತು. ಹೊಸದು ಮೇಲೆ, ಹಳೆಯದು ಕೆಳಗೆ. 2003ರ ಫೆಬ್ರವರಿಯಲ್ಲಿ ಗೂಗಲ್ ಈ ಕಂಪನಿಯನ್ನೇ ಕೊಂಡುಕೊಂಡಿತು.

ಇದರಲ್ಲಿ ಇನ್ನೊಂದು ವಿಷಯವಿತ್ತು. ಬ್ಲಾಗಿನ ಒಂದೊಂದು ಬರಹಕ್ಕೂ ಅದರದೇ ಒಂದು ಕಾಯಂ ವಿಳಾಸ ಬಂತು. ಇವತ್ತು ಬರೆದದ್ದು ಮುಂದಿನ ವಾರ ಮುಖಪುಟದಿಂದ ಕೆಳಗೆ ಹೋದರೂ ಅದರ ವಿಳಾಸ ಹಾಗೇ ಇರುತ್ತದೆ. ಐದು ವರ್ಷದ ಮೇಲೆ ಯಾರೋ ಗೂಗಲ್‌ನಲ್ಲಿ ಹುಡುಕಿದರೂ ಅಲ್ಲಿಗೇ ಬಂದು ನಿಲ್ಲಬಹುದು. ಆಗ ಇದು ಸಣ್ಣ ಅನುಕೂಲ ಅನಿಸಿರಬಹುದು. ವ್ಯಾಪಾರಿಗಳಿಗೆ ಅದೇ ದೊಡ್ಡದಾಯಿತು.

2001ರಲ್ಲಿ ಬೆನ್ ಮತ್ತು ಮೀನಾ ಟ್ರಾಟ್ ದಂಪತಿ 'ಮೂವಬಲ್ ಟೈಪ್' ಅನ್ನುವ ಸಾಧನ ಕೊಟ್ಟರು. ಇದನ್ನು ನಮ್ಮದೇ ಹೆಸರಿನ ವಿಳಾಸದಲ್ಲಿ ಕೂರಿಸಿಕೊಳ್ಳಬಹುದಿತ್ತು. ಕಂಪನಿಗಳು, ಪತ್ರಕರ್ತರು ಇದಕ್ಕೆ ಮುಗಿಬಿದ್ದರು. ಆದರೆ 2004ರ ಮೇ ತಿಂಗಳಲ್ಲಿ ಅದರ ಪರವಾನಗಿಯ ಷರತ್ತು ಬದಲಾಯಿತು. ಬಿಟ್ಟಿ ಬಳಕೆಗೆ ಮಿತಿ ಬಂತು. ಬಳಸುತ್ತಿದ್ದವರು ಸಿಟ್ಟಾದರು, ಎಷ್ಟೋ ಜನ ಗಂಟುಮೂಟೆ ಕಟ್ಟಿಕೊಂಡು ಹೊರಟರು.

ಅವರು ಹೋಗಿದ್ದು ವರ್ಡ್‌ಪ್ರೆಸ್ ಕಡೆಗೆ. ಅದು ಹುಟ್ಟಿದ ಕಥೆ ಚೆನ್ನಾಗಿದೆ. ಬಿ2 ಅನ್ನುವ ಬ್ಲಾಗ್ ಸಾಧನವೊಂದಿತ್ತು. ಅದನ್ನು ಮಾಡಿದವರು ಮುಂದುವರಿಸುವುದನ್ನು ನಿಲ್ಲಿಸಿಬಿಟ್ಟರು. 2003ರ ಜನವರಿಯಲ್ಲಿ ಅಮೆರಿಕದ ಹ್ಯೂಸ್ಟನ್ನಿನ 19 ವರ್ಷದ ಹುಡುಗ ಮ್ಯಾಟ್ ಮುಲನ್‌ವೆಗ್, ಇದನ್ನು ಎತ್ತಿಕೊಂಡು ನಡೆಸಬೇಕು ಅಂತ ತನ್ನ ಬ್ಲಾಗಿನಲ್ಲಿ ಬರೆದ. ಇಂಗ್ಲೆಂಡಿನಲ್ಲಿದ್ದ ಮೈಕ್ ಲಿಟಲ್ ಆ ಬರಹದ ಕೆಳಗೆ, ನಾನೂ ಕೈಜೋಡಿಸುತ್ತೇನೆ ಅಂತ ಬರೆದರು. ಎರಡು ದೇಶದ ಇಬ್ಬರು ಸೇರಿ ಮಾಡಿದ ವರ್ಡ್‌ಪ್ರೆಸ್‌ನ ಮೊದಲ ಆವೃತ್ತಿ 2003ರ ಮೇ 27ರಂದು ಹೊರಬಂತು. ಇದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ನಾಳೆ ಷರತ್ತು ಬದಲಾಯಿಸಿ ಕೈಯಲ್ಲಿರುವುದನ್ನು ಕಿತ್ತುಕೊಳ್ಳಲು ಬರುವುದಿಲ್ಲ.

2005ರ ಫೆಬ್ರವರಿಯ ಆವೃತ್ತಿಯಲ್ಲಿ ಎರಡು ಹೊಸ ಸೌಲಭ್ಯ ಬಂದವು. ಒಂದು, ತಾರೀಕಿಗೆ ಕಟ್ಟುಬೀಳದ ಕಾಯಂ ಪುಟಗಳು: 'ನಮ್ಮ ಬಗ್ಗೆ', 'ಬೆಲೆ ಪಟ್ಟಿ', 'ಸಂಪರ್ಕಿಸಿ' ಇಂಥವು. ಎರಡು, ಬರಹ ಮುಟ್ಟದೆ ಸೈಟಿನ ಅಂದಚಂದ ಮಾತ್ರ ಬದಲಾಯಿಸುವ ಥೀಮುಗಳು. ದಿನಚರಿ ಪುಸ್ತಕಕ್ಕೆ ಅಂಗಡಿಯ ಬಾಗಿಲು, ಬೋರ್ಡು ಬಂದಿದ್ದು ಇಲ್ಲಿಂದ. 2011ರಲ್ಲಿ ವೂಕಾಮರ್ಸ್ ಸೇರಿಕೊಂಡ ಮೇಲೆ ಬುಟ್ಟಿ, ಬಿಲ್ಲು, ಹಣ ಪಾವತಿ ಕೂಡ ಬಂತು. ಇವತ್ತು ಜಗತ್ತಿನ ವೆಬ್‌ಸೈಟುಗಳಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ನಡೆಯುತ್ತಿರುವುದು ವರ್ಡ್‌ಪ್ರೆಸ್ ಮೇಲೆ.

ದರ್ಜಿ, ಹಸು ಸಾಕುವವರು, ಈಜುಕೊಳದವರು

ಸಾಧನ ಬಂತು ಸರಿ, ಅದರಲ್ಲಿ ವ್ಯಾಪಾರಿ ಬರೆಯುವುದಾದರೂ ಏನು? ನಾನು ಓದಿದ್ದರಲ್ಲಿ ಮೂರು ಉದಾಹರಣೆ ಹೇಳುತ್ತೇನೆ.

ಅಮೆರಿಕದ ನ್ಯೂ ಹ್ಯಾಂಪ್‌ಷೈರಿನಲ್ಲಿ ಸ್ಟೋನಿಫೀಲ್ಡ್ ಫಾರ್ಮ್ ಅನ್ನುವ ಸಾವಯವ ಮೊಸರಿನ ಕಂಪನಿ ಇದೆ. 2004ರಲ್ಲಿ ಅವರು ಬ್ಲಾಗುಗಳನ್ನು ಶುರು ಮಾಡಿದರು. ಅದರಲ್ಲಿ ಒಂದನ್ನು ಬರೆದವರು ಹಸು ಸಾಕುವ ರೈತರು. ಕರು ಹಾಕಿದ್ದು, ಹುಲ್ಲು ಕೊಯ್ದಿದ್ದು, ಹವಾಮಾನ ಕೆಟ್ಟಿದ್ದು, ಇದೇ ಅವರ ಬರಹ. ಮೊಸರು ಕೊಳ್ಳಿ ಅನ್ನುವ ಒತ್ತಾಯ ಅದರಲ್ಲಿರಲಿಲ್ಲ. ಪೇಟೆಯಲ್ಲಿ ಡಬ್ಬಿ ಮೊಸರು ತಿನ್ನುವವರಿಗೆ ಆ ಹಾಲು ಯಾರ ಕೊಟ್ಟಿಗೆಯಿಂದ ಬಂತು ಅಂತ ಗೊತ್ತಾಗತೊಡಗಿತು.

ಎರಡನೆಯವರು ಇಂಗ್ಲೆಂಡಿನ ದರ್ಜಿ ಥಾಮಸ್ ಮಾಹನ್. ಲಂಡನ್ನಿನ ಸ್ಯಾವಿಲ್ ರೋ ಅಂದರೆ ಅಳತೆ ಕೊಟ್ಟು ಸೂಟು ಹೊಲಿಸುವವರ ಬೀದಿ. ಅಲ್ಲಿ ಪಳಗಿದ ಈ ದರ್ಜಿ, ದೂರದ ಕಂಬ್ರಿಯಾ ಎಂಬ ಹಳ್ಳಿಗಾಡಿನಲ್ಲಿ ಕೂತು ಕೆಲಸ ಮಾಡುತ್ತಿದ್ದರು. 2005ರ ಜನವರಿಯಲ್ಲಿ ಜಾಹೀರಾತು ಬರೆಯುವ ಗೆಳೆಯ ಹ್ಯೂ ಮ್ಯಾಕ್ಲಿಯಡ್ ಅವರ ಮಾತು ಕೇಳಿ 'ಇಂಗ್ಲಿಷ್ ಕಟ್' ಅನ್ನುವ ಬ್ಲಾಗು ತೆರೆದರು. ಬಟ್ಟೆ ಹೇಗೆ ಕತ್ತರಿಸುತ್ತಾರೆ, ಒಳಗಡೆ ಯಾವ ಹೊಲಿಗೆ ಬೀಳುತ್ತದೆ, ಅಳತೆಯ ಸೂಟಿಗೆ ಅಷ್ಟು ಬೆಲೆ ಯಾಕೆ ಅಂತ ಎಲ್ಲವನ್ನೂ ಬಿಡಿಸಿ ಬರೆದರು. ಕಸುಬಿನ ಗುಟ್ಟು ಹೇಳಿಬಿಟ್ಟರೆ ಹೊಟ್ಟೆಪಾಡಿಗೇನು ಅಂತ ನಮ್ಮಲ್ಲಿ ಅನ್ನುತ್ತಾರಲ್ಲ, ಅಲ್ಲಿ ಆಗಿದ್ದು ತಿರುಗುಮುರುಗು. ಓದಿದವರಿಗೆ ತಾವೇ ಸೂಟು ಹೊಲಿದುಕೊಳ್ಳುತ್ತೇವೆ ಅನಿಸಲಿಲ್ಲ, ಇವರ ಕೈಯಲ್ಲೇ ಹೊಲಿಸಬೇಕು ಅನಿಸಿತು. ಅಳತೆ ತೆಗೆದುಕೊಳ್ಳಲು ದರ್ಜಿ ಅಮೆರಿಕದವರೆಗೂ ಹೋಗಿಬರುವಂತಾಯಿತು.

ಮೂರನೆಯವರ ಕಥೆ ನನಗೆ ಬಹಳ ಹಿಡಿಸಿದ್ದು. ಅಮೆರಿಕದ ವರ್ಜೀನಿಯಾದಲ್ಲಿ ಮಾರ್ಕಸ್ ಶೆರಿಡನ್ ಮತ್ತು ಜೊತೆಗಾರರು ಮನೆ ಹಿತ್ತಲಲ್ಲಿ ಈಜುಕೊಳ ಕೂರಿಸುವ ವ್ಯಾಪಾರ ಮಾಡುತ್ತಿದ್ದರು. ಹೆಸರು ರಿವರ್ ಪೂಲ್ಸ್ ಅಂಡ್ ಸ್ಪಾಸ್. 2008ರಲ್ಲಿ ಅಮೆರಿಕದ ಬ್ಯಾಂಕುಗಳೇ ಮುಗ್ಗರಿಸಿದಾಗ ಈಜುಕೊಳ ಯಾರಿಗೆ ಬೇಕು? ಒಪ್ಪಿಕೊಂಡ ಕೆಲಸಗಳೂ ರದ್ದಾದವು. ಕಂಪನಿ ದಿವಾಳಿಯ ಅಂಚಿಗೆ ಬಂತು. ಜಾಹೀರಾತಿಗೆ ದುಡ್ಡಿಲ್ಲ. ಆಗ ಶೆರಿಡನ್, ಗಿರಾಕಿಗಳು ಇಷ್ಟು ವರ್ಷ ಏನೇನು ಕೇಳಿದ್ದರೋ ಅದನ್ನೆಲ್ಲ ಪಟ್ಟಿ ಮಾಡಿದರು. ಒಂದೊಂದು ಪ್ರಶ್ನೆಗೆ ಒಂದೊಂದು ಬರಹ ಬರೆದು ವೆಬ್‌ಸೈಟಿನ ಬ್ಲಾಗಿನಲ್ಲಿ ಹಾಕತೊಡಗಿದರು.

ಎಲ್ಲರೂ ಮೊದಲು ಕೇಳುತ್ತಿದ್ದ ಪ್ರಶ್ನೆ: "ಎಷ್ಟಾಗುತ್ತೆ?" ಬೆಲೆ ಹೇಳಿದರೆ ಗಿರಾಕಿ ಓಡಿಹೋಗುತ್ತಾನೆ, ಪೈಪೋಟಿಯವನಿಗೆ ಗೊತ್ತಾಗುತ್ತದೆ ಅಂತ ಆ ಧಂದೆಯವರು ಅದನ್ನು ಬರೆಯುತ್ತಿರಲಿಲ್ಲ. ಶೆರಿಡನ್ ಬರೆದರು. ಯಾವುದರ ಮೇಲೆ ಬೆಲೆ ಏರುತ್ತದೆ, ಯಾವುದರಿಂದ ಇಳಿಯುತ್ತದೆ, ಎಷ್ಟರಿಂದ ಎಷ್ಟರವರೆಗೆ ಅಂತ. ತಾವು ಮಾರುವ ಫೈಬರ್‌ಗ್ಲಾಸ್ ಕೊಳದ ಕೊರತೆಗಳನ್ನೂ ಬರೆದರು. ಅಕ್ಕಪಕ್ಕದ ಊರಿನ ಒಳ್ಳೆಯ ಪೈಪೋಟಿಗಾರರ ಪಟ್ಟಿಯನ್ನೂ ಹಾಕಿದರು. ಬೆಲೆ ಹುಡುಕುತ್ತಿದ್ದವರನ್ನೆಲ್ಲ ಗೂಗಲ್ ಇವರ ಬಾಗಿಲಿಗೇ ತಂದು ಬಿಟ್ಟಿತು. ಬರೆದ ಒಂದು ಪುಟ ಎಷ್ಟೋ ವರ್ಷ ಗಿರಾಕಿ ತರುತ್ತಲೇ ಇತ್ತು. ಕಂಪನಿ ಉಳಿಯಿತು. 2013ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಇವರ ಬಗ್ಗೆ ಬರೆಯಿತು.

ಗಮನಿಸಿ, ಇವರು ಯಾರೂ ಹೊತ್ತು ಮೂಡಿದರೆ ಆಫರ್, ಡಿಸ್ಕೌಂಟ್ ಅಂತ ಕೂಗಲಿಲ್ಲ. ಅಂಗಡಿ ಕಟ್ಟೆ ಮೇಲೆ ಕೂತು ಗಿರಾಕಿಗೆ ಬಾಯಲ್ಲಿ ಹೇಳುತ್ತಿದ್ದುದನ್ನೇ ಬರೆದಿಟ್ಟರು, ಅಷ್ಟೇ. ಬರೆದಿಟ್ಟಿದ್ದು ಅವರದೇ ವಿಳಾಸದಲ್ಲಿ.

ಜಾಲತಾಣದ ಸಂತೆ

ಈಗ ಸಾಮಾಜಿಕ ಜಾಲತಾಣಕ್ಕೆ ಬರೋಣ. ಬ್ಲಾಗು ಊರಾಚೆಯ ಒಂಟಿ ಅಂಗಡಿ ಅಂದುಕೊಂಡರೆ, ಇದು ಸಂತೆ. ಜನ ಮೊದಲೇ ಅಲ್ಲಿ ಸೇರಿರುತ್ತಾರೆ.

ಸಂತೆಯ ಬಲ ಏನು ಅನ್ನುವುದನ್ನು ಲಾಸ್ ಏಂಜಲೀಸಿನ ಒಂದು ಊಟದ ಗಾಡಿ ತೋರಿಸಿತು. 2008ರ ನವೆಂಬರಿನಲ್ಲಿ ಬಾಣಸಿಗ ರಾಯ್ ಚೋಯ್ ಮತ್ತು ಗೆಳೆಯರು 'ಕೊಗಿ' ಅನ್ನುವ ಗಾಡಿ ಶುರು ಮಾಡಿದರು. ಮೆಕ್ಸಿಕೊದ ರೊಟ್ಟಿಯೊಳಗೆ ಕೊರಿಯಾದ ಶೈಲಿಯ ಸುಟ್ಟ ಮಾಂಸ. ಗಾಡಿ ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಇವತ್ತು ರಾತ್ರಿ ಎಲ್ಲಿ ನಿಲ್ಲುತ್ತೇವೆ ಅಂತ ಟ್ವಿಟರಿನಲ್ಲಿ ಒಂದು ಸಾಲು ಹಾಕುತ್ತಿದ್ದರು. ಗಾಡಿ ಬರುವ ಮೊದಲೇ ಅಲ್ಲಿ ಸಾಲು ಬೆಳೆದಿರುತ್ತಿತ್ತು. "ಈಗ, ಇಲ್ಲಿ, ಬನ್ನಿ" ಅನ್ನಲು ಜಾಲತಾಣಕ್ಕಿಂತ ಒಳ್ಳೆಯ ಡಂಗುರ ಇಲ್ಲ.

ಗಿರಾಕಿಗೆ ಬಾಯಿ ಬಂದದ್ದೂ ಈ ಕಾಲದಲ್ಲೇ. 2005ರ ಜೂನ್‌ನಲ್ಲಿ ಪತ್ರಕರ್ತ ಜೆಫ್ ಜಾರ್ವಿಸ್, ತಾವು ಕೊಂಡ ಡೆಲ್ ಕಂಪ್ಯೂಟರು ಕೆಟ್ಟಿದ್ದನ್ನೂ ಕಂಪನಿ ಸ್ಪಂದಿಸದ್ದನ್ನೂ ತಮ್ಮ ಬ್ಲಾಗಿನಲ್ಲಿ ಬರೆದರು. ಅದರ ಬೆನ್ನಿಗೆ ಸಾವಿರಾರು ಜನ ತಮ್ಮ ಗೋಳು ತೋಡಿಕೊಂಡರು. ಮರುವರ್ಷ ಡೆಲ್ ತಾನೇ ಬ್ಲಾಗು ತೆರೆದು ಉತ್ತರ ಕೊಡಲು ಕೂತಿತು. ಅದೇ ಡೆಲ್, ಟ್ವಿಟರಿನಲ್ಲಿ ರಿಯಾಯಿತಿ ಸುದ್ದಿ ಹಾಕಿ ತನ್ನ ವೆಬ್‌ಸೈಟಿಗೆ ಲಿಂಕು ಕೊಡುತ್ತಾ ಹೋಗಿ, 2009ರ ಜೂನ್ ಹೊತ್ತಿಗೆ ಆ ದಾರಿಯಿಂದ 30 ಲಕ್ಷ ಡಾಲರಿನ ವ್ಯಾಪಾರವಾಯಿತು ಅಂತ ಹೇಳಿಕೊಂಡಿತು. ಕೂಗು ಹಾಕಿದ್ದು ಸಂತೆಯಲ್ಲಿ, ಬಿಲ್ಲು ಹರಿದದ್ದು ಸ್ವಂತ ಅಂಗಡಿಯಲ್ಲಿ.

2007ರ ನವೆಂಬರಿನಲ್ಲಿ ಫೇಸ್‌ಬುಕ್ ವ್ಯಾಪಾರಿಗಳಿಗೆ 'ಪುಟ'ಗಳನ್ನು ಕೊಟ್ಟಿತು. ಬಿಟ್ಟಿ. ಅಂಗಡಿಯವರು ಸಾಲುಗಟ್ಟಿದರು. ನಮ್ಮ ಪುಟ ಮೆಚ್ಚಿ ಅಂತ ಬೋರ್ಡಿನ ಮೇಲೂ ಬರೆಸಿದರು. ವೆಬ್‌ಸೈಟು ಯಾಕೆ ಬೇಕು, ಪುಟ ಇದ್ದರೆ ಸಾಲದೇ ಅನ್ನುವ ಮಾತು ಹುಟ್ಟಿದ್ದು ಆವಾಗ. ನಾನು ಚಿಕ್ಕಮ್ಮನಿಗೆ ಹೇಳಿದ್ದೂ ಇದೇ ಮಾತು.

ಆದರೆ ಸಂತೆಗೆ ಒಬ್ಬ ಯಜಮಾನ ಇದ್ದ. 2014ರಲ್ಲಿ ಒಗಿಲ್ವಿ ಎಂಬ ಜಾಹೀರಾತು ಸಂಸ್ಥೆ 100ಕ್ಕೂ ಹೆಚ್ಚು ದೊಡ್ಡ ಬ್ರ್ಯಾಂಡುಗಳ ಫೇಸ್‌ಬುಕ್ ಪುಟಗಳನ್ನು ನೋಡಿತು. ಪುಟ ಹಾಕಿದ ಪೋಸ್ಟು, ಅದನ್ನು ಮೆಚ್ಚಿದ ನೂರು ಜನರಲ್ಲಿ ಎಷ್ಟು ಜನರಿಗೆ ತಲುಪುತ್ತಿದೆ ಅಂತ. 2013ರ ಅಕ್ಟೋಬರಿನಲ್ಲಿ ಸುಮಾರು 12 ಜನ, 2014ರ ಫೆಬ್ರವರಿಗೆ ಸುಮಾರು 6 ಜನ. ಉಳಿದವರಿಗೆ ಕಾಣಬೇಕಾದರೆ ದುಡ್ಡು ಕಟ್ಟಿ. 2018ರ ಜನವರಿಯಲ್ಲಿ ಫೇಸ್‌ಬುಕ್, ಇನ್ನು ಮೇಲೆ ಗೆಳೆಯರು ಮತ್ತು ಮನೆಯವರ ಪೋಸ್ಟುಗಳಿಗೇ ಆದ್ಯತೆ ಅಂತ ಘೋಷಿಸಿತು. ವರ್ಷಗಟ್ಟಲೆ ಜನ ಸೇರಿಸಿದ್ದವರು, ತಾವು ಸೇರಿಸಿದ ಜನರನ್ನೇ ಮಾತಾಡಿಸಲು ಸುಂಕ ಕಟ್ಟುವಂತಾಯಿತು.

ಸಂತೆಯೇ ಎದ್ದುಹೋದಾಗ

ಸುಂಕವಾದರೂ ಕಟ್ಟಬಹುದು. ಸಂತೆಯೇ ಎದ್ದುಹೋದರೆ?

1990ರ ದಶಕದಲ್ಲಿ ಜಿಯೊಸಿಟೀಸ್ ಅನ್ನುವ ಜಾಗದಲ್ಲಿ ಲಕ್ಷಾಂತರ ಜನ ಬಿಟ್ಟಿ ಪುಟ ಮಾಡಿಕೊಂಡಿದ್ದರು. 2009ರ ಅಕ್ಟೋಬರಿನಲ್ಲಿ ಯಾಹೂ ಅದನ್ನು ಮುಚ್ಚಿತು. ನನ್ನ ವಯಸ್ಸಿನವರಿಗೆ ಮೊದಲ ಜಾಲತಾಣ ಆರ್ಕುಟ್. ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು 'ಸ್ಕ್ರ್ಯಾಪ್' ಬರೆದವರಿಗೆ ಅದು ಚೆನ್ನಾಗಿ ನೆನಪಿರುತ್ತದೆ. 2014ರ ಸೆಪ್ಟೆಂಬರ್ 30ಕ್ಕೆ ಅದೂ ಬಂದ್. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಮುಗಿಯಿತು. 2020ರ ಜೂನ್ 29ರ ರಾತ್ರಿ ನಮ್ಮ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ನಿಷೇಧ ಸರಿಯೋ ತಪ್ಪೋ ಅದು ಬೇರೆ ಮಾತು. ಅಲ್ಲಿ ಜನ ಸೇರಿಸಿಕೊಂಡಿದ್ದ ಹಳ್ಳಿ ಹುಡುಗ ಹುಡುಗಿಯರ ಪಾಲಿಗೆ ಆ ಜನ ಒಂದೇ ಏಟಿಗೆ ಕೈಬಿಟ್ಟುಹೋದರು.

2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಒಟ್ಟಿಗೆ ಆರು ಗಂಟೆ ಹೊತ್ತು ನಿಂತುಹೋದವು. ನೆಟ್‌ವರ್ಕ್ ಇಲ್ಲವೇನೋ ಅಂತ ಫೋನು ಆಫ್ ಮಾಡಿ ಆನ್ ಮಾಡಿದವರಲ್ಲಿ ನಾನೂ ಒಬ್ಬ. ಮೂರೂ ಒಂದೇ ಮನೆಯ ಮೂರು ಬಾಗಿಲು ಅಂತ ಎಷ್ಟೋ ಜನಕ್ಕೆ ಗೊತ್ತಾಗಿದ್ದು ಆ ರಾತ್ರಿ.

ತೀರಾ ಈಚಿನದೂ ಒಂದಿದೆ. ಗೂಗಲ್ ಮ್ಯಾಪಿನಲ್ಲಿ ಅಂಗಡಿ ನೋಂದಾಯಿಸಿದವರಿಗೆ ಗೂಗಲ್ ಬಿಟ್ಟಿಯಾಗಿ ಒಂದು ಪುಟ್ಟ ವೆಬ್‌ಸೈಟು ಮಾಡಿಕೊಡುತ್ತಿತ್ತು. 2024ರ ಮಾರ್ಚಿನಲ್ಲಿ ಅವನ್ನೂ ನಿಲ್ಲಿಸಿತು. ಮ್ಯಾಪಿನಲ್ಲಿ ಅಂಗಡಿ ಉಳಿಯಿತು, ವೆಬ್‌ಸೈಟು ಹೋಯಿತು.

ನಮ್ಮ ಕಡೆ

ಕನ್ನಡದಲ್ಲಿ ಬರೆಯುವುದೇ ಒಂದು ಕಾಲಕ್ಕೆ ಸಾಹಸವಾಗಿತ್ತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ ಬಂತು. ಆಮೇಲೆ ಯೂನಿಕೋಡ್ ಬಂದು, ಯಾವ ಕಂಪ್ಯೂಟರಿನಲ್ಲಾದರೂ ಕನ್ನಡ ಕನ್ನಡವಾಗಿಯೇ ಕಾಣುವಂತಾಯಿತು. ಕನ್ನಡದ ಬ್ಲಾಗುಗಳು ಹುಟ್ಟಿದವು. ಆದರೆ ಅಲ್ಲಿ ಕಥೆ, ಕವಿತೆ, ಹರಟೆಯೇ ಹೆಚ್ಚು. ನಮ್ಮ ವ್ಯಾಪಾರಿಗಳು ಬ್ಲಾಗಿನ ಕಾಲವನ್ನು ಹೆಚ್ಚುಕಡಿಮೆ ನೋಡಲೇ ಇಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. 2018ರ ಜನವರಿಯಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್ ಬಂತು. ನಾವು ನೇರವಾಗಿ ಸಂತೆಗೇ ಇಳಿದೆವು.

ಸಂತೆಯಿಂದ ಒಳ್ಳೆಯದೂ ಆಗಿದೆ. 2021ರಲ್ಲಿ ಬಾಳೆಕಾಯಿಗೆ ಬೆಲೆ ಇಲ್ಲದಾಗ 'ಬಾಕಾಹು' ಅಂದರೆ ಬಾಳೆಕಾಯಿ ಹುಡಿಯ ಸುದ್ದಿ ಹರಡಿದ್ದು ನೆನಪಿದೆಯಲ್ಲ? ಪುತ್ತೂರಿನಲ್ಲಿ ರೈತರೇ 1988ರಲ್ಲಿ ಕಟ್ಟಿದ 'ಅಡಿಕೆ ಪತ್ರಿಕೆ' ಮತ್ತು ಅದರ ಸಂಪಾದಕ ಶ್ರೀಪಡ್ರೆ ಇದಕ್ಕೆ ಬೆನ್ನೆಲುಬಾದರು. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹುಡಿ ಮಾಡುವ ವಿಧಾನ ಓಡಾಡಿತು. ಹೆಂಗಸರು ದೋಸೆ, ಗುಲಾಬ್ ಜಾಮೂನು ಮಾಡಿ ಫೋಟೊ ಹಾಕಿದರು. ನೋಡಿದವರು ಹುಡಿ ಕೇಳಿ ಫೋನ್ ಮಾಡಿದರು. ಆ ಜುಲೈನಲ್ಲಿ ಪ್ರಧಾನಿ 'ಮನ್ ಕಿ ಬಾತ್'ನಲ್ಲೂ ಉತ್ತರ ಕನ್ನಡ, ದಕ್ಷಿಣ ಕನ್ನಡದ ಈ ಕೆಲಸದ ಮಾತು ಬಂತು.

ಇದರಲ್ಲೂ ನೋಡಿ, ಹರಡಿದ್ದು ಜಾಲತಾಣದಿಂದ. ಆದರೆ ಅದರ ಹಿಂದೆ ಮೂವತ್ತಕ್ಕೂ ಹೆಚ್ಚು ವರ್ಷದಿಂದ ರೈತರು ನಂಬಿದ, ಸ್ವಂತ ಹೆಸರಿನ ಒಂದು ಪತ್ರಿಕೆ ಇತ್ತು. ನೇಗಿಲು ಮಾರುವವರು 1895ರಲ್ಲಿ ಹಿಡಿದದ್ದೂ ಇಂಥದ್ದೇ ದಾರಿ.

ಹಾಗಾದರೆ ಏನು ಮಾಡೋದು?

ಜಾಲತಾಣ ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ಸಂತೆಗೆ ಹೋಗದಿದ್ದರೆ ಗಿರಾಕಿ ಸಿಗುವುದಿಲ್ಲ. ಸಂತೆಯಲ್ಲಿ ಕೂಗಬೇಕು, ಕರೆದುಕೊಂಡು ಬರಬೇಕಾದ್ದು ಮನೆಗೆ. ಮೇಲಿನ ಇತಿಹಾಸದಿಂದ ನಾನು ಕಲಿತದ್ದು ಇಷ್ಟು:

ಒಂದು, ನಿಮ್ಮದೇ ಹೆಸರಿನ ವಿಳಾಸ ಒಂದಿರಲಿ. ಇದಕ್ಕೆ ವರ್ಷಕ್ಕೆ ಕೆಲವು ನೂರರಿಂದ ಸಾವಿರ ರೂಪಾಯಿ ಆಸುಪಾಸು ಆಗುತ್ತದೆ. ಅದನ್ನು ನಿಮ್ಮ ಇಮೇಲು, ನಿಮ್ಮ ಫೋನ್ ನಂಬರಿನಲ್ಲೇ ನೋಂದಾಯಿಸಿ. ಮಾಡಿಕೊಟ್ಟ ಹುಡುಗನ ಹೆಸರಲ್ಲಿ ಬೇಡ. ಪ್ರತಿವರ್ಷ ನವೀಕರಿಸುವುದು ಮರೆತರೆ ಅದೂ ಬೇರೆಯವರ ಪಾಲಾಗುತ್ತದೆ. ಸ್ವಂತ ಮನೆ ಅಂದರೆ ಕಂದಾಯ ಕಟ್ಟಬೇಕಲ್ಲ, ಹಾಗೆ.

ಎರಡು, ಸೈಟಿಗೆ ಬ್ಲಾಗರ್ ಆದರೂ ಸರಿ, ವರ್ಡ್‌ಪ್ರೆಸ್ ಆದರೂ ಸರಿ. ಬ್ಲಾಗರ್ ಸುಲಭ, ಆದರೆ ಅದು ಗೂಗಲ್‌ನ ಜಾಗ. ವರ್ಡ್‌ಪ್ರೆಸ್‌ಗೆ ಜಾಗದ ಬಾಡಿಗೆ ಕೊಡಬೇಕು, ಆಗಾಗ ಅಪ್‌ಡೇಟ್ ಮಾಡಬೇಕು, ಆದರೆ ಗಂಟುಮೂಟೆ ಕಟ್ಟಿ ಬೇರೆ ಕಡೆ ಒಯ್ಯಬಹುದು. ಯಾವುದಾದರೂ ಬರೆದದ್ದರ ನಕಲು ಇಳಿಸಿಟ್ಟುಕೊಳ್ಳಿ.

ಮೂರು, ಗಿರಾಕಿ ಕೇಳುವ ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಬೆಲೆ ಎಷ್ಟು, ಎಷ್ಟು ದಿನ ಕೆಡುವುದಿಲ್ಲ, ಏನು ಹಾಕಿದ್ದೀರಿ, ಯಾವ ತಿಂಗಳಲ್ಲಿ ಸಿಗುವುದಿಲ್ಲ. ಆಮೇಲೆ ಅದರ ಲಿಂಕನ್ನು ಸ್ಟೇಟಸ್ಸಿಗೆ, ಗುಂಪಿಗೆ, ಪುಟಕ್ಕೆ ಹಾಕಿ.

ನಾಲ್ಕು, ಒಟಿಪಿ ಯಾರಿಗೂ ಹೇಳಬೇಡಿ. ಖಾತೆಗಳಿಗೆ ಎರಡು ಹಂತದ ಪರಿಶೀಲನೆ ಹಾಕಿಕೊಳ್ಳಿ. ಗಿರಾಕಿಗಳ ಹೆಸರು, ನಂಬರು, ವಿಳಾಸ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಕೊನೆಯದು ಚಿಕ್ಕಮ್ಮ ಮೊದಲ ದಿನವೇ ಹೇಳಿದ್ದು. ಡಿಪ್ಲೊಮಾ ಓದಿದ ನನಗೆ ಹೊಳೆಯಲಿಲ್ಲ.

ಈಗ ಅವರಿಗೊಂದು ಸಾದಾ ಸೈಟು ಮಾಡಿಕೊಟ್ಟಿದ್ದೇನೆ, ಅವರ ಹೆಸರಿನಲ್ಲೇ. ಅವರು ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ. ಮೊದಲ ಬರಹ, 'ಮಳೆಗಾಲದಲ್ಲಿ ನಮ್ಮಲ್ಲಿ ಸಂಡಿಗೆ ಯಾಕೆ ಸಿಗೋದಿಲ್ಲ' ಅಂತ. ಒಂದು ತಿಂಗಳು ಯಾರೂ ನೋಡಲಿಲ್ಲ. ಆಮೇಲೊಂದು ದಿನ ಮೈಸೂರಿನಿಂದ ಹಳೇ ಗಿರಾಕಿಯೊಬ್ಬರು ಫೋನ್ ಮಾಡಿ, "ನಿಮ್ಮ ಪುಟದಲ್ಲಿ ಏನೇನೋ ಬರ್ತಿತ್ತಲ್ಲಮ್ಮ, ವ್ಯಾಪಾರ ಬಿಟ್ಬಿಟ್ರೇನೋ ಅಂದ್ಕೊಂಡಿದ್ದೆ. ಗೂಗಲ್‌ನಲ್ಲಿ ಹುಡುಕ್ದೆ, ಸಿಕ್ತು" ಅಂದರಂತೆ.

ಚಿಕ್ಕಮ್ಮ ಮಾತು ಮುಗಿಸುವ ಮೊದಲು ಅವರ ವಿಳಾಸ ಕೇಳಿ, ಪಿನ್‌ಕೋಡ್ ಸಮೇತ ನೋಟ್‌ಬುಕ್ಕಿಗೆ ಬರೆದುಕೊಂಡಿದ್ದಾರೆ.